ಕತ್ತಿಗಳ ಗುರುತಿನ ಪಿಂಗಾಣಿ

ಪಿಂಗಾಣಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಉಪ್ಪಿನಕಾಯಿಯ ಭರಣಿ. ಭರಣಿ ಗಟ್ಟಿಯಾದ ಸಾಮಾನು, ನಿಜ. ಆದರೆ ದೀಪದ ಮುಂದೆ ಹಿಡಿದರೆ ಅದರಲ್ಲಿ ಬೆಳಕು ಹಾಯದು. ಅಪ್ಪಟ ಪಿಂಗಾಣಿಯ ತೆಳುವಾದ ಬಟ್ಟಲಿನಲ್ಲಿ ಹಾಯುತ್ತದೆ. ಇದರ ಗುಟ್ಟು ಬಹುಕಾಲ ಪೂರ್ವದೇಶದ ಕುಂಬಾರರಲ್ಲೇ ಉಳಿದಿತ್ತು. ಜರ್ಮನಿಯ ಸ್ಯಾಕ್ಸನಿ ರಾಜ್ಯದ ದೊರೆ ಅಗಸ್ಟಸನು 1717ರಲ್ಲಿ ತನ್ನ 600 ಮಂದಿ ಸವಾರರನ್ನು ಪ್ರಷ್ಯದ ದೊರೆಗೆ ಒಪ್ಪಿಸಿ, ಚೀನಾದ 151 ಪಾತ್ರೆಗಳನ್ನು ತರಿಸಿಕೊಂಡನೆಂದರೆ ಆ ಮೋಹವನ್ನು ನೀವೇ ಊಹಿಸಿರಿ!

ಇದೇ ದೊರೆಯ ಸೆರೆಯಲ್ಲಿ, ಚಿನ್ನ ಮಾಡಿಕೊಡುವೆನೆಂದು ಹೇಳಿ ಸಿಕ್ಕಿಬಿದ್ದಿದ್ದ ಬ್ಯೋಟ್ಗರ್ ಎಂಬ ತರುಣನಿದ್ದ. ಚಿನ್ನ ಬರಲಿಲ್ಲ, ಚಿರ್ನ್‌ಹೌಸ್ ಎಂಬ ವಿದ್ವಾಂಸನೊಡನೆ ದುಡಿದು ಪಿಂಗಾಣಿಯ ಗುಟ್ಟನ್ನು ಬಿಡಿಸಿದ. 1710ರಲ್ಲಿ ಎಲ್ಬೆ ನದಿಯ ದಡದ ಮೈಸೆನ್ ಕೋಟೆಯಲ್ಲಿ ಕಾರ್ಖಾನೆ ತೆರೆಯಿತು. 1720ರಲ್ಲಿ ಹೆರೋಲ್ಟ್ ಎಂಬ ಚಿತ್ರಗಾರ ಬಂದ ಮೇಲೆ ಬಣ್ಣಗಳಿಗೆ ಕಳೆಯೇರಿತು. ಆ ದಶಕದಿಂದಲೇ ಪಾತ್ರೆಯ ತಳದಲ್ಲಿ ಅಡ್ಡಲಾಗಿ ಕೂಡಿಸಿದ ಎರಡು ನೀಲಿ ಕತ್ತಿಗಳ ಗುರುತು.

ಹಳೆಯ ಮೈಸೆನ್ ಕೊಳ್ಳುವವರು ಮೊದಲು ಬಟ್ಟಲನ್ನು ಮಗುಚಿ ಈ ಕತ್ತಿಗಳನ್ನು ಹುಡುಕುತ್ತಾರೆ. ಇದು ತಲೆಕೆಳಗಾದ ಪರೀಕ್ಷೆ. ಎರಡು ಗೆರೆ ಎಳೆಯುವುದು ಯಾರಿಗೆ ಕಷ್ಟ? ಅನೇಕರು ಎಳೆದಿದ್ದಾರೆ. ಗುರುತು ನಿಜವಾದರೂ ಚಿತ್ರ ಬೇರೆಯವರದಿರಬಹುದು: ಬಣ್ಣ ಹಾಕದ ಬಿಳಿಯ ಪಾತ್ರೆಗಳನ್ನು ಹೊರಗಿನ ಚಿತ್ರಗಾರರು ಕೊಂಡು ತಮ್ಮ ಮನೆಯಲ್ಲೇ ಬರೆಯುತ್ತಿದ್ದುದುಂಟು. ಕತ್ತಿಗಳ ಮೇಲೆ ಕೊರೆದ ಗೀರು ಕಂಡರೆ ಜಾಗ್ರತೆ. ಅದು ಕೊರತೆಯ ಮಾಲು, ಇಲ್ಲವೆ ಬಣ್ಣವಿಲ್ಲದೆ ಮಾರಿದ ಮಾಲು ಎಂಬುದರ ಸೂಚನೆಯಾಗಿರಬಹುದು.

ಆದುದರಿಂದ ಭೂತಗನ್ನಡಿ ಹಿಡಿದು ಮೊದಲು ಹೂವನ್ನೇ ನೋಡಿರಿ. ಕುಂಚದ ಗೆರೆ ದಪ್ಪವಾಗಿ ಆರಂಭಿಸಿ ಸಣ್ಣಗಾಗುತ್ತದೆ. ಒಂದೇ ಬಟ್ಟಲಿನ ಎರಡು ಗುಲಾಬಿಗಳು ಅವಳಿಗಳಂತಿರುವುದಿಲ್ಲ. ಅಚ್ಚಿನ ಚಿತ್ರದಲ್ಲಿ ಗೆರೆಗಳೆಲ್ಲ ಒಂದೇ ತೆರ, ಇಲ್ಲವೆ ಸಣ್ಣ ಚುಕ್ಕೆಗಳ ಸಾಲು. ಅಚ್ಚಿನ ಗೆರೆಯೊಳಗೆ ಕೈಯಿಂದ ಬಣ್ಣ ತುಂಬಿ, ಎಲ್ಲವೂ ಕೈಬರಹವೆಂದು ಮಾರುವ ಜಾಣರೂ ಇದ್ದಾರೆ. ಹೊಳಪಿನ ಮೇಲೆ ಬರೆದ ಬಣ್ಣವು ಬೆರಳಿಗೆ ತುಸು ಉಬ್ಬಾಗಿ ತಗಲುವುದೂ ಉಂಟು.

ಬಳಿಕ ಅಂಗೈಯಲ್ಲಿಟ್ಟು ಉಗುರಿನಿಂದ ಮೆಲ್ಲನೆ ತಟ್ಟಿರಿ. ರೇಡಿಯೋ ಕೇಳಿ ಪಳಗಿದ ಕಿವಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸರಿಯಾದ ಬಟ್ಟಲು ನಿನದಿಸುತ್ತದೆ. ಕೂದಲೆಳೆಯ ಬಿರುಕಿದ್ದರೂ ದನಿ ಮಂಕಾಗಬಹುದು.

ಮನೆಗೆ ತಂದ ಮೇಲೆ ಒಂದು ಮಾತು: ಬೆಳ್ಳಿಯ ಪಾತ್ರೆಗೆ ಹಚ್ಚುವ ಹುಣಿಸೆಹಣ್ಣನ್ನು ಇದರ ಹತ್ತಿರ ತರಬೇಡಿರಿ. ಹುಳಿಯು ಹಳೆಯ ಬಣ್ಣವನ್ನು ತಿನ್ನುತ್ತದೆ. ಉಜ್ಜಿದರೆ ಅಂಚಿನ ಚಿನ್ನ ಹೋಗುತ್ತದೆ. ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ ಸಾಕು.