“ಚಾರ್ಜ್‌ಶೀಟ್ ಬರ್ಲಿ ತಡೀರಿ” ಅನ್ನುವವರಿಗೆ

“ಚಾರ್ಜ್‌ಶೀಟ್ ಬರ್ಲಿ ತಡೀರಿ, ಈಗ್ಲೇ ವಕೀಲರ ಹತ್ರ ಹೋದ್ರೆ ನಾವೇ ತಪ್ಪು ಒಪ್ಕಂಡಂಗೆ ಆಗ್ತತಿ.” ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಎಫ್‌ಐಆರ್‌ನಲ್ಲಿ ಹೆಸರು ಬಂದ ಮನೆಯಲ್ಲಿ ಹೀಗೆ ಹೇಳಲು ಒಬ್ಬ ಮಾವನೋ ದೊಡ್ಡಪ್ಪನೋ ಇದ್ದೇ ಇರುತ್ತಾರೆ. ದಡ್ಡರೇನಲ್ಲ. ಪಹಣಿಯಲ್ಲಿ ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಅವತ್ತೇ ಸಂಜೆ ವಕೀಲರ ಕಚೇರಿಯ ಮೆಟ್ಟಿಲು ಹತ್ತುವವರು. ಜೈಲಿನ ಮಾತು ಬಂದಾಗ ಮಾತ್ರ ಇವರಿಗೆ ಎಲ್ಲಿಲ್ಲದ ತಾಳ್ಮೆ.

ವಕೀಲರನ್ನು ಕಂಡದ್ದನ್ನೇ ತಪ್ಪೊಪ್ಪಿಗೆ ಎಂದು ಎಣಿಸುವ ಕಾನೂನು ಈ ದೇಶದಲ್ಲಿಲ್ಲ. ಬಂಧಿತನಿಗೆ ತನ್ನ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಂ ನಿರೀಕ್ಷಣಾ ಜಾಮೀನಿನದು. ಅದನ್ನು ಕೇಳುವುದೇ ಬಂಧನಕ್ಕೆ ಮುಂಚೆ.

ಉದಾಹರಣೆ ಬೇಕೆಂದರೆ ನಮ್ಮ ಜಿಲ್ಲೆಯದೇ ಇದೆ. 2023ರ ಮಾರ್ಚ್ 2ರಂದು ಚನ್ನಗಿರಿಯ ಆಗಿನ ಶಾಸಕ ಮಾಡಾಳು ವಿರೂಪಾಕ್ಷಪ್ಪನವರ ಮಗ ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದರು. ಮಾರ್ಚ್ 7ಕ್ಕೆ ತಂದೆಗೆ ಹೈಕೋರ್ಟಿನಿಂದ ಮಧ್ಯಂತರ ನಿರೀಕ್ಷಣಾ ಜಾಮೀನು ಸಿಕ್ಕಿತ್ತು. ಊರಿಗೆ ಬಂದಾಗ ಮೆರವಣಿಗೆಯೂ ಆಯಿತು. ಮಾರ್ಚ್ 27ರಂದು ಅರ್ಜಿ ವಜಾ ಆಯಿತು, ಅವತ್ತೇ ಬಂಧನ. ಡಿಸೆಂಬರ್‌ನಲ್ಲಿ ಅದೇ ಹೈಕೋರ್ಟು ಅವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಅವರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮೊದಲ ವಾರದಲ್ಲೇ ವಕೀಲರು ಹೈಕೋರ್ಟಿನಲ್ಲಿ ನಿಂತಿದ್ದರು ಅನ್ನುವುದನ್ನು ಗಮನಿಸಿ. ಆ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿದವರೇ ಮನೆಯ ಹುಡುಗನ ಮೇಲೆ ಹೊಡೆದಾಟದ ಕೇಸಾದರೆ “ಚಾರ್ಜ್‌ಶೀಟ್ ಬರ್ಲಿ” ಅನ್ನುತ್ತಾರೆ.

ಕಾಯುವುದರಿಂದ ಏನು ಹೋಗುತ್ತದೆ? ಮೊದಲನೆಯದಾಗಿ, ಒಳಗಿದ್ದವನು ಹೊರಬರುವ ಒಂದು ಬಾಗಿಲೇ ಮುಚ್ಚಬಹುದು. ಸಂಹಿತೆಯ 187ನೇ ಕಲಮಿನ ಪ್ರಕಾರ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ತನಿಖೆ ಮುಗಿದು ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ವಕೀಲರು ಇದನ್ನೇ ಡಿಫಾಲ್ಟ್ ಬೇಲ್ ಅನ್ನುತ್ತಾರೆ. ಆದರೆ ಅದು ತಾನಾಗಿ ಸಿಗುವುದಿಲ್ಲ, ಕೇಳಬೇಕು. ಗಡುವು ಮೀರಿದ ಮೇಲೂ ಯಾರೂ ಅರ್ಜಿ ಹಾಕದೆ ಕೂತಿದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಎಣಿಕೆ ಕೂಡ ಪೊಲೀಸರು ಹಿಡಿದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮಾಂಡ್ ಮಾಡಿದ ದಿನದಿಂದ. ಇದನ್ನು ಮನೆಯಲ್ಲಿ ಯಾರು ಎಣಿಸುತ್ತಾರೆ, ದೊಡ್ಡಪ್ಪನೇ? ಅವರಂತೂ ಚಾರ್ಜ್‌ಶೀಟಿನ ದಾರಿಯನ್ನೇ ಕಾಯುತ್ತಿದ್ದಾರೆ.

ಎರಡನೆಯದು ಸ್ಟೇಷನ್ನಿನಲ್ಲಿ ಆಗುವಂಥದ್ದು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ ಎಂದು 181ನೇ ಕಲಂ ಹೇಳುತ್ತದೆ. ನಮ್ಮವರು ಖಾಲಿ ಹಾಳೆಗೂ ಹಾಕಿ ಬರುತ್ತಾರೆ, ಮೇಲೆ “ಸಾಹೇಬ್ರು ಒಳ್ಳೇವ್ರು” ಅಂತ ಸರ್ಟಿಫಿಕೇಟು ಬೇರೆ. 35ನೇ ಕಲಮಿನ ನೋಟಿಸು ಬಂದರೆ ಹಾಜರಾಗಲೇಬೇಕು, ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗಬಹುದು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಆ ನೋಟಿಸು ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಇನ್ನು ಪಿ.ಬಿ. ರಸ್ತೆಯ ಅಂಗಡಿಯ ಕ್ಯಾಮೆರಾದಲ್ಲಿ ನಿಮ್ಮ ಹುಡುಗ ಗಲಾಟೆಯ ಹೊತ್ತಿಗೆ ಬೇರೆ ಕಡೆ ಇದ್ದದ್ದು ದಾಖಲಾಗಿದ್ದರೆ, ಆ ದೃಶ್ಯದ ಮೇಲೆ ಹೊಸ ದೃಶ್ಯ ಕೂರುವ ಮೊದಲೇ ಅದನ್ನು ಉಳಿಸಿಕೊಡಿ ಎಂದು ಬರೆದು ಕೇಳುವವರೊಬ್ಬರು ಬೇಕು. ಚಾರ್ಜ್‌ಶೀಟ್ ಬರುವ ತನಕ ಕ್ಯಾಮೆರಾ ಕಾಯುವುದಿಲ್ಲ.

ಉಳಿದವನ್ನು ಬೇಗ ಮುಗಿಸುತ್ತೇನೆ. ಎಫ್‌ಐಆರ್ ಆದರೆ ಬಂಧನ ಖಚಿತ ಅನ್ನುವುದು ಸುಳ್ಳು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಸುಮ್ಮನೆ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವಕೀಲರು ವಿಚಾರಣೆಯುದ್ದಕ್ಕೂ ಪಕ್ಕದಲ್ಲೇ ಕೂರುತ್ತಾರೆ ಅನ್ನುವುದೂ ಸುಳ್ಳು; ವಿಚಾರಣೆಯ ನಡುವೆ ಭೇಟಿಯಾಗಬಹುದು, ಪೂರ್ತಿ ಹೊತ್ತು ಇರುವ ಹಕ್ಕಿಲ್ಲ. ದೂರು ಕೊಟ್ಟವರು ರಾಜಿಯಾದರೆ ಎಲ್ಲ ಕೇಸೂ ಬಿದ್ದುಹೋಗುವುದಿಲ್ಲ. ನಿರೀಕ್ಷಣಾ ಜಾಮೀನು ಎಲ್ಲದಕ್ಕೂ ಸಿಗುವುದಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 18ನೇ ಕಲಂ ಅದಕ್ಕೆ ಅಡ್ಡ ನಿಲ್ಲುತ್ತದೆ.

ಹರಿಹರದವರಿಗೆ ಇನ್ನೊಂದು ತೊಡಕಿದೆ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ, ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಗಲಾಟೆ ಆ ದಡದಲ್ಲಿ ಆಗಿ ಕೇಸು ಅಲ್ಲಿ ದಾಖಲಾದರೆ ಅರ್ಜಿ ಹೋಗುವುದು ಹಾವೇರಿ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ, ಅಲ್ಲಿ ಆಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಈ ದಡದ ಕೇಸಾದರೆ ದಾವಣಗೆರೆ, ಆಮೇಲೆ ಬೆಂಗಳೂರು. ದಿನವೂ ಕೆಲಸಕ್ಕೆ ಹೊಳೆ ದಾಟುವವರಿಗೂ ಇದು ತಲೆಗೆ ಹೊಳೆಯುವುದು ತಡವಾಗಿಯೇ.

ನನಗೆ ರೇಗುವುದು ಅಜ್ಞಾನಕ್ಕಲ್ಲ. ವಕೀಲರ ಫೀಸಿಗೆ ಹಿಂದೆಮುಂದೆ ನೋಡುವವರು “ಸ್ಟೇಷನ್ನಲ್ಲಿ ನಮ್ಮೋರು ಅದಾರೆ” ಅನ್ನುವವನ ಕೈಗೆ ಲೆಕ್ಕವಿಲ್ಲದೆ ದುಡ್ಡು ಸುರಿಯುತ್ತಾರಲ್ಲ, ಅದಕ್ಕೆ. ಅವನ ಬಳಿ ವಕಾಲತ್ತಿಲ್ಲ, ರಸೀದಿಯಿಲ್ಲ, ನಾಳೆ ಫೋನೂ ಎತ್ತುವುದಿಲ್ಲ. ಅಂಗೈಯಗಲದ ವಿಡಿಯೊದಲ್ಲಿ ಯಾರೋ ಕೋಟು ಹಾಕಿಕೊಂಡು ಹೇಳಿದ್ದನ್ನು ನಂಬುತ್ತಾರೆ, ಎದುರಿಗಿರುವ ಕಾನೂನು ಸೇವಾ ಪ್ರಾಧಿಕಾರದ ಬೋರ್ಡನ್ನು ಓದುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯನ್ನೂ ನೋಡದೆ ವಕೀಲರನ್ನು ಕೊಡಬೇಕು. ಸಹಾಯವಾಣಿ 15100. “ಬಿಟ್ಟಿ ವಕೀಲರು ಏನ್ ವಾದ ಮಾಡ್ತಾರೆ” ಅಂತ ಮೂಗು ಮುರಿಯುವವರು ಬೇರೆ ಇದ್ದಾರೆ. ಅವರ ಜೊತೆಗಿನ ಜಗಳ ಇನ್ನೊಂದು ಲೇಖನಕ್ಕಾಗುವಷ್ಟಿದೆ.