ಜಾಗ ನೋಡಿ ಅಲ್ಲ, ಸಮಯ ನೋಡಿ ಕುಂಡ ಇಡಿ

ಉತ್ಸಾಹದಿಂದ ಇಪ್ಪತ್ತು ಮೂವತ್ತು ಕುಂಡ ತಂದು ತಾರಸಿಯಲ್ಲಿ ಜೋಡಿಸಿ, ಎರಡೇ ತಿಂಗಳಲ್ಲಿ ಅತ್ತ ಹೋಗುವುದನ್ನೇ ಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಬೆಳಿಗ್ಗೆ ಮಕ್ಕಳನ್ನು ಮದ್ರಸಕ್ಕೆ, ಶಾಲೆಗೆ ಹೊರಡಿಸಬೇಕು. ತಾನೂ ಕೆಲಸಕ್ಕೆ ಹೋಗಬೇಕು. ಗಂಡ ಗಲ್ಫಿನಲ್ಲಿದ್ದರೆ ಎಲ್ಲವೂ ಒಬ್ಬಳ ತಲೆಯ ಮೇಲೆ. ಗಿಡ ಒಣಗಿದರೆ ಹೋಗಲಿ ಎನ್ನಬಹುದು. ಆದರೆ ಯಾರೂ ನೋಡಿಕೊಳ್ಳದ ಕೈತೋಟ ಮನೆಗೆ ರೋಗವನ್ನೂ ತರಬಹುದು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ಅರ್ಧ ಲೋಟ ನೀರು ಸಾಕು. ಮೊಟ್ಟೆ ಬೆಳೆದು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದಲೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು. ಬರೇ ಚೆಲ್ಲಿದರೆ ಸಾಲದು. ತಟ್ಟೆಯ ಬದಿಗೆ ಅಂಟಿಕೊಂಡ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿದು, ನೀರು ತಾಗಿದಾಗ ಮರಿಯಾಗುತ್ತವೆ. ತಿಕ್ಕಿ ತೊಳೆದು ಬೋರಲು ಹಾಕಬೇಕು. ಆದಿತ್ಯವಾರದ ಈ ಕೆಲಸ ಮಕ್ಕಳಿಗಿರಲಿ, ಗಂಡು ಮಕ್ಕಳಿಗೂ! ನಿಜ ಹೇಳಬೇಕೆಂದರೆ, ತಾರಸಿಯ ಕುಂಡಕ್ಕೆ ತಟ್ಟೆಯೇ ಬೇಡ.

ಹಾಗಾದರೆ ಎಷ್ಟು ಕುಂಡ? ದಿನಕ್ಕೆ ಹದಿನೈದು ನಿಮಿಷ ಸಿಗುವವರಿಗೆ ಎಂಟು ಹತ್ತು ಧಾರಾಳ. ಫಜ್ರ್ ನಮಾಝಿನ ಬಳಿಕ, ಬಿಸಿಲೇರುವ ಮೊದಲು ಒಂದು ಸುತ್ತು ಹಾಕಿ ಬಂದರಾಯಿತು. ಹೂಕೋಸು, ಟೊಮೆಟೊಗಳಿಗೆ ಆರೈಕೆ ಹೆಚ್ಚು ಬೇಕು, ಅವು ಆಮೇಲೆ. ಮಾರುಕಟ್ಟೆಯಿಂದ ತಂದ ಬಸಳೆಯ ಬಲಿತ ದಂಟು, ಪುದೀನದ ಕಡ್ಡಿ ನೇರ ಮಣ್ಣಿಗೆ ಚುಚ್ಚಿದರೂ ಚಿಗುರುತ್ತವೆ. ಹರಿವೆ, ಮೆಂತೆ ಸುಮಾರು ಒಂದು ತಿಂಗಳಲ್ಲಿ ಅಡುಗೆಗೆ ಸಿಗುತ್ತವೆ. ವುಝೂ ಮಾಡಿದ ನೀರನ್ನು ಬಕೆಟಿನಲ್ಲಿ ಹಿಡಿದರೆ ಇಷ್ಟು ಗಿಡಕ್ಕೆ ಹೆಚ್ಚುಕಡಿಮೆ ಸಾಕಾಗುತ್ತದೆ. ಅದನ್ನು ಅಂದಂದೇ ಹಾಕಿ ಮುಗಿಸಿ, ತುಂಬಿಸಿ ಇಡಬೇಡಿ.

ಮನೆಯಲ್ಲೇ ಬೀಡಿ ಕಟ್ಟುವ ಸಹೋದರಿಯರಿಗೆ ಒಂದು ಮಾತು. ಹೊಗೆಸೊಪ್ಪಿನಲ್ಲಿ ಗಿಡಗಳಿಗೆ ತಗಲುವ ಮೊಸಾಯಿಕ್ ವೈರಸ್ ಇರಬಹುದು. ಅದೇ ಕೈಯಲ್ಲಿ ಮೆಣಸು, ಟೊಮೆಟೊ ಗಿಡ ಮುಟ್ಟಿದರೆ ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿ ಮುದುಡತೊಡಗುತ್ತವೆ. ಈ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಹೊಗೆಸೊಪ್ಪಿನ ಪುಡಿ ಮಗುವಿನ ಬಾಯಿಗೆ ಹೋಗುವುದು ಅಪಾಯವೇ. ಹಾಗಾಗಿ ಗಿಡದ ಬಳಿಗೂ ಮಗುವಿನ ಬಳಿಗೂ ಹೋಗುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ.

ತರಕಾರಿ ಸಿಪ್ಪೆ, ಚಹಾದ ಚರಟ ಗೊಬ್ಬರದ ಮಡಕೆಗೆ ಹೋಗಲಿ. ಮೀನು, ಮಾಂಸದ ಉಳಿಕೆ ಬೇಡ, ಇಲಿ ಬರುತ್ತದೆ. ಮೀನು ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹಾಕುವ ರೂಢಿಯಿದೆ. ಹಾಕುವುದಾದರೆ ಎಲೆಗೆ ತಾಗದಂತೆ ಹಾಕಿ ಮೇಲೆ ಮಣ್ಣು ಮುಚ್ಚಿ. ಗರ್ಭಿಣಿಯರು ಗ್ಲೌಸ್ ಇಲ್ಲದೆ ಮಣ್ಣಿಗೆ ಕೈ ಹಾಕದಿರುವುದು ಒಳ್ಳೆಯದು. ಬೆಕ್ಕಿನ ಮಲ ಸೇರಿದ ಮಣ್ಣಿನಿಂದ ಟೊಕ್ಸೊಪ್ಲಾಸ್ಮಾ ಎಂಬ ಸೋಂಕು ತಗಲಿ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮೆದುಳಿಗೆ ಹಾನಿಯಾಗಬಹುದು. ಮಣ್ಣು, ಸೆಗಣಿಯ ಕೆಲಸದಲ್ಲಿ ಗಾಯವಾದರೆ ಸಣ್ಣದೆಂದು ಬಿಡದೆ ತೊಳೆದು, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರಲ್ಲಿ ಕೇಳಿ.

ಮನೆಯಲ್ಲಿ ಕಾಯಿಲೆ, ಮದುವೆ, ಪರೀಕ್ಷೆ ಎಂದು ಕೆಲವು ವಾರ ಗಿಡಗಳತ್ತ ನೋಡಲಾಗದ ಸಮಯ ಬಂದೇ ಬರುತ್ತದೆ. ಆಗ ನಾಲ್ಕು ಕುಂಡ ನೆರೆಮನೆಗೆ ಕೊಡಿ. ಉಳಿದವನ್ನು ಖಾಲಿ ಮಾಡಿ, ಮಳೆನೀರು ನಿಲ್ಲದಂತೆ ಮಗುಚಿಡಿ.