ಮೇಲಂತಸ್ತಿಗೆ ಮುನ್ನ ತಳಪಾಯದ ಪರೀಕ್ಷೆ

ವ್ಯಾಪಾರ ಬೆಳೆದಂತೆ ಹಳೆಯ ಮನೆಯ ಮೇಲೆ ದಾಸ್ತಾನು ಕೊಠಡಿ ಕಟ್ಟಿಸುವುದು ವರ್ತಕರಲ್ಲಿ ರೂಢಿ. ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲವೂ ಇರುತ್ತವೆ. ತಳಪಾಯದ ಪರೀಕ್ಷೆಗೆ ಮಾತ್ರ ಒಂದು ಸಾಲೂ ಇರುವುದಿಲ್ಲ.

5 ಅಂಗುಲ ದಪ್ಪದ ಕಾಂಕ್ರೀಟ್ ಚಾವಣಿ ಚದರ ಮೀಟರಿಗೆ 300 ಕಿಲೋಗೂ ಹೆಚ್ಚು ತೂಗುತ್ತದೆ. 9 ಅಂಗುಲ ದಪ್ಪ, 10 ಅಡಿ ಎತ್ತರದ ಇಟ್ಟಿಗೆ ಗೋಡೆಯ ಭಾರ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1.3 ಟನ್ನು. ಸರಕಿನ ಭಾರ ಬೇರೆ. ಹುಬ್ಬಳ್ಳಿ, ಗದಗ, ವಿಜಯಪುರ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಗೋಡೆಯ ಮಗ್ಗುಲಲ್ಲಿ ಎರಡು ಮೂರು ಕಡೆ ತಳಪಾಯದ ಬುಡದವರೆಗೆ ಸಣ್ಣ ಗುಂಡಿ ತೋಡಿಸಿ, ಅದರ ಆಳ, ಅಗಲ ಹಾಗೂ ಕೆಳಗಿನ ಮಣ್ಣನ್ನು ಸ್ಟ್ರಕ್ಚರಲ್ ಇಂಜಿನಿಯರರಿಂದ ನೋಡಿಸತಕ್ಕದ್ದು. ಗೋಡೆಯುದ್ದಕ್ಕೂ ಒಮ್ಮೆಗೇ ಅಗೆಯುವುದು ಅಪಾಯಕರ. ಮೇಸ್ತ್ರಿಯ ಬಾಯಿಮಾತು ಸಾಲದು. ತಳಪಾಯ ದುರ್ಬಲವೆಂದು ಕಂಡುಬಂದಲ್ಲಿ, ಪಕ್ಕದಲ್ಲಿ ಸಂದು ಬಿಟ್ಟು ಪ್ರತ್ಯೇಕ ಕಂಬಗಳ ಮೇಲೆ ಕಟ್ಟುವುದೇ ಅಗ್ಗವಾದೀತು.

ತಳಪಾಯ ಬಲಪಡಿಸಿದ ವೆಚ್ಚವನ್ನು ದುರಸ್ತಿ ಖಾತೆಗೆ ಬರೆಯುವವರುಂಟು. ಹೊಸ ಅಂತಸ್ತಿಗಾಗಿ ಮಾಡಿದ ಈ ವೆಚ್ಚ ಬಂಡವಾಳ ಸ್ವರೂಪದ್ದು. ಅದನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸಿ, ವ್ಯವಹಾರಕ್ಕೆ ಬಳಸುವ ಭಾಗದ ಮೇಲೆ ಸವಕಳಿ ಪಡೆಯಬಹುದು. ಹಾಗೆ ಸೇರಿಸಿದ ವೆಚ್ಚದ ಮೇಲಣ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಬಿಲ್ಲುಗಳೊಡನೆ ಇಂಜಿನಿಯರರ ವರದಿಯೂ ಕಡತದಲ್ಲಿರಲಿ.